ಕಲಿಕಾ ನಷ್ಟ

ಕಲಿಕಾ ನಷ್ಟವೆಂದರೆ ವಿದ್ಯಾರ್ಥಿಯು ಹಿಂದೆ ಗಳಿಸಿದ್ದ ಜ್ಞಾನ ಮತ್ತು ಕೌಶಲಗಳನ್ನು ಕಳೆದುಕೊಳ್ಳುವುದು ಅಥವಾ ತನ್ನ ತರಗತಿಗೆ ತಕ್ಕ ಕಲಿಕಾ ಮಟ್ಟವನ್ನು ತಲುಪದೆ ಹಿಂದುಳಿಯುವುದು. ದೀರ್ಘಕಾಲದ ಗೈರುಹಾಜರಿ, ಅನಾರೋಗ್ಯ, ಕುಟುಂಬದ ವಲಸೆ, ಪ್ರಕೃತಿ ವಿಕೋಪ ಮೊದಲಾದವು ಇದಕ್ಕೆ ಕಾರಣಗಳು. ಕೋವಿಡ್-19 ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರಿಂದ ಈ ಸಮಸ್ಯೆ ವ್ಯಾಪಕವಾಯಿತು.

ಸ್ವರೂಪ

ಕಲಿಕಾ ನಷ್ಟಕ್ಕೆ ಎರಡು ಮುಖಗಳಿವೆ. ಶಾಲೆ ನಡೆಯದ ಅವಧಿಯ ಪಾಠಗಳು ತಪ್ಪಿಹೋಗುವುದು ಒಂದು. ಅದಕ್ಕೂ ಮೊದಲು ಕಲಿತದ್ದು ಬಳಕೆಯಿಲ್ಲದೆ ಮರೆತುಹೋಗುವುದು ಇನ್ನೊಂದು. ಎರಡನೆಯದು ಸುಲಭವಾಗಿ ಗಮನಕ್ಕೆ ಬಾರದು. ವ್ಯವಕಲನವನ್ನು ಮರೆತ ಮಗುವಿಗೆ ಭಾಗಾಕಾರ ಅರ್ಥವಾಗುವುದಿಲ್ಲ. ಸರಾಗವಾಗಿ ಓದಲಾರದ ಮಗುವಿಗೆ ಸಮಾಜ, ವಿಜ್ಞಾನಗಳೂ ಕಠಿಣವಾಗುತ್ತವೆ. ಹೀಗೆ ನಷ್ಟವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ, ಕೊನೆಗೆ ಮಗು ಶಾಲೆಯನ್ನೇ ತೊರೆಯಲು ಕಾರಣವಾಗಬಹುದು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು 1ರಿಂದ 5ನೆಯ ತರಗತಿಯ ಮಕ್ಕಳಿಗೆ ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ನಡುವೆ ಶಿಕ್ಷಕರೇ ಮಕ್ಕಳಿರುವ ಕಡೆಗೆ ಹೋಗಿ ಕಲಿಸುವ 'ವಿದ್ಯಾಗಮ' ಯೋಜನೆ 2020ರ ಆಗಸ್ಟ್‌ನಲ್ಲಿ ಆರಂಭವಾಗಿ, ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಸ್ಥಗಿತಗೊಂಡಿತು. ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಪಾಠಗಳು ಪ್ರಸಾರವಾದವು.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರಲ್ಲಿ ಪ್ರಕಟಿಸಿದ ಅಧ್ಯಯನವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಒಳಗೊಂಡಿತ್ತು. ಹಿಂದಿನ ವರ್ಷ ತಮ್ಮಲ್ಲಿದ್ದ ಸಾಮರ್ಥ್ಯಗಳ ಪೈಕಿ ಭಾಷೆಯಲ್ಲಿ ಕನಿಷ್ಠ ಒಂದನ್ನು ಶೇ. 92ರಷ್ಟು, ಗಣಿತದಲ್ಲಿ ಕನಿಷ್ಠ ಒಂದನ್ನು ಶೇ. 82ರಷ್ಟು ಮಕ್ಕಳು ಕಳೆದುಕೊಂಡಿದ್ದರು.

ಪರಿಹಾರ ಕ್ರಮಗಳು

ಮಗು ಕುಳಿತಿರುವ ತರಗತಿಯಿಂದಲ್ಲ, ಮಗು ನಿಂತಿರುವ ಹಂತದಿಂದ ಬೋಧನೆಯನ್ನು ಆರಂಭಿಸುವುದು ಪರಿಹಾರದ ಮೂಲತತ್ತ್ವ. ಇದಕ್ಕಾಗಿ ಶಿಕ್ಷಕರು ಅನುಸರಿಸಬಹುದಾದ ಕ್ರಮಗಳು:

• ಪ್ರತಿ ಮಗುವಿನಿಂದಲೂ ಪ್ರತ್ಯೇಕವಾಗಿ ಓದಿಸಿ, ಸರಳ ಲೆಕ್ಕ ಮಾಡಿಸಿ ನೈಜ ಮಟ್ಟವನ್ನು ಗುರುತಿಸುವುದು. ಈ ಪರೀಕ್ಷೆಗೆ ಅಂಕಗಳು ಇರಬಾರದು.
• ದಿನದ ನಿರ್ದಿಷ್ಟ ಅವಧಿಯಲ್ಲಿ ಸಮಾನ ಮಟ್ಟದ ಮಕ್ಕಳ ಗುಂಪುಗಳಿಗೆ ಕಲಿಸುವುದು. ಪ್ರಗತಿಯನ್ನು ನೋಡಿ ಗುಂಪು ಬದಲಿಸುವುದು.
• ಮುಂದಿನ ಕಲಿಕೆಗೆ ಅನಿವಾರ್ಯವಾದ ಪಾಠಗಳಿಗೆ ಆದ್ಯತೆ ನೀಡುವುದು.
• ಗೈರುಹಾಜರಾದ ಮಕ್ಕಳ ಮನೆಗಳಿಗೆ ಭೇಟಿ ನೀಡುವುದು.

ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ನಡೆಯುವ 'ಸೇತುಬಂಧ' ಕಾರ್ಯಕ್ರಮದ ಉದ್ದೇಶವೂ ಇದೇ ಆಗಿದೆ. ಕರ್ನಾಟಕ ಸರ್ಕಾರವು 2022-23ನೆಯ ಸಾಲನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಘೋಷಿಸಿ, ಕಲಿಕಾ ಹಾಳೆಗಳ ಮೂಲಕ ಹಿಂದಿನ ತರಗತಿಗಳ ಸಾಮರ್ಥ್ಯಗಳನ್ನು ಮರಳಿ ಕಲಿಸಲು ಯೋಜಿಸಿತು. ಪಠ್ಯವನ್ನು ಮುಗಿಸುವ ಅವಸರವೇ ಪ್ರಧಾನವಾದಲ್ಲಿ ಇಂತಹ ಕಾರ್ಯಕ್ರಮಗಳು ದಾಖಲೆಗಳ ನಿರ್ವಹಣೆಯಷ್ಟಕ್ಕೇ ಸೀಮಿತವಾಗುವ ಅಪಾಯವಿದೆ.