9,870 ಕೋಟಿ ಡಾಲರ್ ನಷ್ಟದ ವರ್ಷ

ಇವತ್ತು 2002ರ ಕತೆ ಹೇಳ್ತೀನಿ. ಆ ವರ್ಷ ಎಒಎಲ್ ಟೈಮ್ ವಾರ್ನರ್ ತೋರಿಸಿದ ನಷ್ಟ ಸುಮಾರು 9,870 ಕೋಟಿ ಡಾಲರ್. ಅಮೆರಿಕದ ಯಾವ ಕಂಪನಿಯೂ ಅಲ್ಲಿಯವರೆಗೆ ಒಂದೇ ವರ್ಷದಲ್ಲಿ ಇಷ್ಟು ಕಳೆದುಕೊಂಡಿರಲಿಲ್ಲ.

ಹಾಗಾದ್ರೆ ವ್ಯಾಪಾರವೇ ನಡೀಲಿಲ್ವಾ? ನಡೀತು. ಹ್ಯಾರಿ ಪಾಟರ್‌ನ ಎರಡನೇ ಸಿನಿಮಾ, 'ಲಾರ್ಡ್ ಆಫ್ ದಿ ರಿಂಗ್ಸ್'ನ ಎರಡನೇ ಭಾಗ, ಎರಡೂ ಅದೇ ವರ್ಷ ಬಂದವು. ಸಿಎನ್‌ಎನ್, ಎಚ್‌ಬಿಒ ಕೂಡ ಅವರದ್ದೇ.

ಮತ್ತೆ ದುಡ್ಡು ಹೋಗಿದ್ದೆಲ್ಲಿ? 2000ದ ಜನವರಿಯಲ್ಲಿ ವಿಲೀನ ಘೋಷಣೆಯಾದಾಗ ಡಾಟ್‌ಕಾಂ ಷೇರುಗಳ ಬೆಲೆ ಗಗನಕ್ಕೇರಿತ್ತು. ಎಒಎಲ್ ತನ್ನ ಷೇರನ್ನೇ ಕೊಟ್ಟು ಟೈಮ್ ವಾರ್ನರ್ ಕೊಂಡಿತು. ಆಸ್ತಿಯ ಮೌಲ್ಯಕ್ಕಿಂತ ಹೆಚ್ಚಿಗೆ ಕೊಟ್ಟದ್ದು ಲೆಕ್ಕದಲ್ಲಿ 'ಗುಡ್‌ವಿಲ್' ಅಂತ ಕೂತಿತು. ಷೇರುಪೇಟೆ ಕುಸಿದ ಮೇಲೆ, 2002ರಲ್ಲಿ ಹೊಸ ಲೆಕ್ಕಪತ್ರ ನಿಯಮ ಬಂದಾಗ, ಅದರ ಬಹುಪಾಲನ್ನ ಅಳಿಸಬೇಕಾಯ್ತು. 2003ರಲ್ಲಿ ಹೆಸರಿಂದಲೂ ಎಒಎಲ್ ಹೋಯ್ತು.

ಬರೀ ಕಾಗದದ ನಷ್ಟ ಅಂತೀರಾ? ನಿವೃತ್ತಿ ಉಳಿತಾಯವನ್ನ ಕಂಪನಿ ಷೇರಲ್ಲೇ ಇಟ್ಟಿದ್ದ ನೌಕರರನ್ನ ಕೇಳಬೇಕು. ಅವರ ದುಡ್ಡು ನಿಜವಾಗಿಯೇ ಕರಗಿತು.

ನಾನೂ ಕಂಪನಿ ಷೇರಿನ ಬೆಲೆ ನೋಡ್ಕೊಂಡು ಮನೆ ಸಾಲದ ಲೆಕ್ಕ ಹಾಕಿದವನೇ. ಅದಕ್ಕೇ ಹೇಳ್ತಿದೀನಿ: ಸಂಬಳ ಕೊಡೋ ಕಂಪನಿಯಲ್ಲೇ ಉಳಿತಾಯವನ್ನೆಲ್ಲ ಇಡಬೇಡಿ. ಮುಳುಗಿದ್ರೆ ಎರಡೂ ಒಟ್ಟಿಗೇ ಮುಳುಗುತ್ತೆ.