‘ನಮ್ಮ ನಂತರ ಯಾರು?’ – ಒಂದು ಪ್ರಶ್ನೆಯ ಚರಿತ್ರೆ



ನನ್ನ ಬಳಿ ಓದಿದವರಲ್ಲಿ ಅನೇಕರು ಈಗ ಐವತ್ತು ದಾಟಿದ್ದಾರೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಮಕ್ಕಳ ಓದು, ಉದ್ಯೋಗ, ಅಮೆರಿಕ, ಆಸ್ಟ್ರೇಲಿಯ ಎಂದು ಮಾತು ಸಾಗುತ್ತದೆ. ಆದರೆ ಒಬ್ಬಿಬ್ಬರು ಮಾತ್ರ ಈ ಮಾತುಕತೆಯಿಂದ ತುಸು ದೂರ ನಿಂತಿರುತ್ತಾರೆ. ಅವರ ಮನೆಯಲ್ಲಿ ಬುದ್ಧಿಮಾಂದ್ಯತೆ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿಯೊಡನೆ ಬೆಳೆದ ಮಗನೋ ಮಗಳೋ ಇರುತ್ತಾರೆ. ಆಮೇಲೆ ಪಕ್ಕಕ್ಕೆ ಕರೆದು ಅವರು ಕೇಳುವ ಪ್ರಶ್ನೆ ಒಂದೇ: ‘ಮೇಷ್ಟ್ರೇ, ನಾವಿರುವ ತನಕ ಸರಿ, ನಮ್ಮ ನಂತರ ಯಾರು?’ ಈ ಪ್ರಶ್ನೆ ಪ್ರತಿಯೊಂದು ಮನೆಯಲ್ಲೂ ಒಳಗೊಳಗೇ ಹುಟ್ಟುವಂಥದು. ಆದರೆ ಅದಕ್ಕೊಂದು ಸಾರ್ವಜನಿಕ ಚರಿತ್ರೆಯೂ ಇದೆ. ಇತಿಹಾಸದ ಪಾಠ ಹೇಳುತ್ತ ಬದುಕಿದವನಾದುದರಿಂದ ಆ ಚರಿತ್ರೆಯನ್ನು ಇಲ್ಲಿ ಬರೆದಿಡುವುದು ಉಚಿತವೆಂದು ತೋರಿತು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲವೆಂದು ಹಿರಿಯರು ಹೇಳುವುದುಂಟು. ಅದು ಅರ್ಧ ಸತ್ಯ. ಅವಿಭಕ್ತ ಕುಟುಂಬದಲ್ಲಿ ಅಂಥವನೊಬ್ಬನಿದ್ದರೆ ದನ ಕಾಯುವುದು, ನೀರು ಸೇದುವುದು, ದೇವರಿಗೆ ಹೂ ಬಿಡಿಸಿ ತರುವುದು ಮೊದಲಾದ ಕೆಲಸಗಳಲ್ಲಿ ಅವನಿಗೊಂದು ಸ್ಥಾನವಿರುತ್ತಿತ್ತು. ತಾಯಿ ತೀರಿಕೊಂಡರೆ ಅತ್ತಿಗೆ ಅನ್ನವಿಡುತ್ತಿದ್ದಳು. ಆದರೆ ಅನ್ನವಿತ್ತೆಂದ ಮಾತ್ರಕ್ಕೆ ಹಕ್ಕಿತ್ತೆಂದು ಅರ್ಥವಲ್ಲ. ಆಸ್ತಿ ಪಾಲಾಗುವಾಗ ಅವನ ಪಾಲು ಯಾರ ಹೆಸರಿಗೆ ಸೇರುತ್ತಿತ್ತು ಎಂಬುದನ್ನು ಯಾರೂ ವಿಚಾರಿಸುತ್ತಿರಲಿಲ್ಲ. ಅವನಿಗೆ ಊರವರು ಇಟ್ಟ ಹೆಸರುಗಳೂ ಗೌರವದವಾಗಿರಲಿಲ್ಲ. ಮನೆಗಳು ಒಡೆದು ಚಿಕ್ಕವಾದಂತೆ ಅತ್ತಿಗೆಯ ಆ ಕೈತುತ್ತೂ ಇಲ್ಲವಾಯಿತು. ಆಗ ಕಾನೂನಿನತ್ತ ನೋಡದೆ ಬೇರೆ ದಾರಿಯಿರಲಿಲ್ಲ.

ಆ ಕಾನೂನಾದರೂ ಹೇಗಿತ್ತು? ಬ್ರಿಟಿಷ್ ಭಾರತದಲ್ಲಿ 1912ರಲ್ಲಿ ಜಾರಿಗೆ ಬಂದ ‘ಇಂಡಿಯನ್ ಲೂನಸಿ ಆಕ್ಟ್’ ಚಿತ್ತಚಾಂಚಲ್ಯವುಳ್ಳವರನ್ನೂ ಹುಟ್ಟಿನಿಂದಲೇ ಬುದ್ಧಿ ಬೆಳೆಯದವರನ್ನೂ ಒಂದೇ ಪದದೊಳಗೆ ಸೇರಿಸಿತ್ತು. ಇಂದು ಬೈಗುಳವಾಗಿ ಬಳಸುವ ‘ಈಡಿಯಟ್’ ಎಂಬ ಮಾತು ಆಗ ಕಾನೂನಿನ ಪರಿಭಾಷೆಯಾಗಿತ್ತು. ಒಂದು ಅಸ್ವಸ್ಥತೆ, ಇನ್ನೊಂದು ಬೆಳವಣಿಗೆಯ ಹಂತದಲ್ಲೇ ತಲೆದೋರಿ ಜೀವನದುದ್ದಕ್ಕೂ ಉಳಿಯುವ ಸ್ಥಿತಿ. ಈ ಭೇದವನ್ನು ಆ ಕಾನೂನು ಕಾಣಲಿಲ್ಲ. ಆದರೂ ಅದರಲ್ಲಿ ಒಂದು ಏರ್ಪಾಡಿತ್ತು. ಅಂಥ ವ್ಯಕ್ತಿಗೆ ಆಸ್ತಿಯಿದ್ದರೆ ಜಿಲ್ಲಾ ನ್ಯಾಯಾಲಯವು ವಿಚಾರಣೆ ನಡೆಸಿ, ದೇಹಪೋಷಣೆಗೊಬ್ಬನನ್ನೂ ಆಸ್ತಿಯ ನಿರ್ವಹಣೆಗೊಬ್ಬನನ್ನೂ ನೇಮಿಸಬಹುದಿತ್ತು. ಆಸ್ತಿಯಿಲ್ಲದವನ ಬಗ್ಗೆ ಆ ವಿಚಾರಣೆಗೆ ಆಸಕ್ತಿಯಿರಲಿಲ್ಲ ಎಂಬುದನ್ನು ಗಮನಿಸಬೇಕು. ಸ್ವಾತಂತ್ರ್ಯ ಬಂದು ದಶಕಗಳು ಕಳೆದರೂ ಇದೇ ಕಾನೂನು ಮುಂದುವರಿಯಿತು.

ಸೇವೆಯ ಕ್ಷೇತ್ರದಲ್ಲಿ ಬೆಳಕು ಸ್ವಲ್ಪ ಮೊದಲೇ ಮೂಡಿತ್ತು. ಮುಂಬಯಿಯಲ್ಲಿ 1944ರಲ್ಲಿ ಜೈ ವಕೀಲ್ ಶಾಲೆ ಆರಂಭವಾಯಿತು. 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರಿಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಸ್ಥಾಪನೆಗೊಂಡಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪವನ್ನು ಪಡೆದು, ಇಂಥ ಮಕ್ಕಳ ಪರೀಕ್ಷೆಗೂ ಸಲಹೆಗೂ ನಾಡಿನ ಮೂಲೆಮೂಲೆಗಳಿಂದ ಜನ ಬರುವ ತಾಣವಾಯಿತು. ಆದರೆ ಇವೆಲ್ಲವೂ ನಗರದಲ್ಲಿದ್ದವು. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಒಂದು ಚೀಟಿ ಬರೆಸಿಕೊಂಡು ಮರಳಿ ಬಂದ ತಂದೆಗೆ ತನ್ನ ತಾಲ್ಲೂಕಿನಲ್ಲಿ ಆ ಚೀಟಿಯನ್ನು ಯಾರ ಕೈಗೆ ಕೊಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಜ್ಞಾನವೇನೋ ದೇಶದಲ್ಲಿತ್ತು, ಅದನ್ನು ಹಳ್ಳಿಯ ಹೊಸ್ತಿಲಿಗೆ ತಲಪಿಸುವ ಕೊಂಡಿಯಿರಲಿಲ್ಲ.

ಅನಂತರ ನಡೆದುದು ಕಾನೂನಿನ ಚರಿತ್ರೆಯಲ್ಲೇ ವಿಚಿತ್ರವಾದ ಸಂಗತಿ. 1987ರಲ್ಲಿ ಸಂಸತ್ತು ಮಾನಸಿಕ ಆರೋಗ್ಯ ಕಾಯಿದೆಯನ್ನು ಅಂಗೀಕರಿಸಿತು. ಬುದ್ಧಿಮಾಂದ್ಯತೆ ಮನೋರೋಗವಲ್ಲ ಎಂಬ ಸತ್ಯವನ್ನು ಆ ಕಾಯಿದೆ ಒಪ್ಪಿಕೊಂಡಿತು; ಮನೋರೋಗಿ ಯಾರೆಂದು ವಿವರಿಸುವಾಗ ಬುದ್ಧಿಮಾಂದ್ಯರನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ವಿಜ್ಞಾನದ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆಯೇ. ಆದರೆ 1993ರ ಏಪ್ರಿಲ್ 1ರಂದು ಹೊಸ ಕಾಯಿದೆ ಜಾರಿಗೆ ಬಂದು 1912ರ ಕಾನೂನು ರದ್ದಾದಾಗ, ಹಳೆಯ ಮನೆಯಿಂದ ಹೊರಬಂದ ಈ ಮಕ್ಕಳಿಗೆ ಹೊಸ ಮನೆಯನ್ನು ಯಾರೂ ಕಟ್ಟಿರಲಿಲ್ಲ. ಪೋಷಕರ ನೇಮಕಕ್ಕೆಂದು ಇದ್ದ 1890ರ ಕಾನೂನು ಅಪ್ರಾಪ್ತ ವಯಸ್ಕರಿಗೆ ಮಾತ್ರ ಅನ್ವಯಿಸುತ್ತಿತ್ತು. ಪರಿಣಾಮವೇನಾಯಿತೆಂದರೆ, ಮಗನಿಗೆ 18 ತುಂಬಿದ ದಿನದಿಂದ ಹೆತ್ತ ತಂದೆಯೂ ಕಾನೂನಿನ ಕಣ್ಣಿಗೆ ಅವನ ಪೋಷಕನಲ್ಲ; ಅವನ ಪರವಾಗಿ ಬ್ಯಾಂಕಿನಲ್ಲಿ ಸಹಿ ಹಾಕುವಂತಿಲ್ಲ, ಪಿತ್ರಾರ್ಜಿತ ಪಾಲನ್ನು ನೋಡಿಕೊಳ್ಳುವಂತಿಲ್ಲ. ಹಾಗೆ ಮಾಡಬೇಕೆಂದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. (ಶಾಲೆಯಲ್ಲಿ ನಾವು ತಂದೆತಾಯಿಗಳನ್ನೆಲ್ಲ ‘ಪೋಷಕರು’ ಎನ್ನುತ್ತೇವೆ. ಇಲ್ಲಿ ಆ ಪದಕ್ಕೆ ‘ಕಾನೂನು ಒಪ್ಪಿದ ರಕ್ಷಕ’ ಎಂಬ ಅರ್ಥವನ್ನು ಇಟ್ಟುಕೊಳ್ಳಬೇಕು.)

1995ರ ಅಂಗವಿಕಲರ ಕಾಯಿದೆ ಏಳು ಬಗೆಯ ವೈಕಲ್ಯಗಳಲ್ಲಿ ಬುದ್ಧಿಮಾಂದ್ಯತೆಯನ್ನೂ ಹೆಸರಿಸಿತು. ಆದರೆ ಉದ್ಯೋಗದಲ್ಲಿ ಶೇ. 3 ಮೀಸಲಾತಿಯನ್ನು ಹಂಚುವಾಗ ಬುದ್ಧಿಮಾಂದ್ಯರಿಗೆ ಪಾಲು ಸಿಗಲಿಲ್ಲ. ಪೋಷಕತ್ವದ ಪ್ರಶ್ನೆಯನ್ನು ಅದು ಮುಟ್ಟಲೂ ಇಲ್ಲ. ಅದೇ ವರ್ಷ ದೇಶದ ವಿವಿಧ ಭಾಗಗಳ ತಂದೆತಾಯಿಗಳ ಸಂಘಗಳು ‘ಪರಿವಾರ್’ ಎಂಬ ಒಕ್ಕೂಟವಾಗಿ ಒಂದುಗೂಡಿದವು. ಒಂದೊಂದು ಮನೆಯಲ್ಲಿ ಒಂಟಿಯಾಗಿ ಕೇಳುತ್ತಿದ್ದ ಪ್ರಶ್ನೆ ಹೀಗೆ ಸಾಮೂಹಿಕ ಧ್ವನಿಯಾಯಿತು. ತಂದೆತಾಯಿಗಳ ಒತ್ತಾಯಕ್ಕೆ ಉತ್ತರವಾಗಿ 1999ರ ಡಿಸೆಂಬರಿನಲ್ಲಿ ಬಂದದ್ದೇ ನ್ಯಾಷನಲ್ ಟ್ರಸ್ಟ್ ಕಾಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ವೈಕಲ್ಯ ಎಂಬ ನಾಲ್ಕು ವರ್ಗಗಳವರಿಗಾಗಿ ಅದು ರಚಿತವಾಯಿತು. ಕೇಂದ್ರ ಸರ್ಕಾರದ 100 ಕೋಟಿ ರೂಪಾಯಿಗಳ ಮೂಲನಿಧಿಯನ್ನು ಅದರಲ್ಲಿಯೇ ವಿಧಿಸಲಾಗಿತ್ತು.

ಈ ಕಾಯಿದೆಯ ನಿಜವಾದ ಸತ್ವವಿರುವುದು ಹಣದಲ್ಲಲ್ಲ, ಅದರ 13ನೆಯ ಪ್ರಕರಣದಲ್ಲಿ. ಅದರಂತೆ ‘ಸ್ಥಳೀಯ ಮಟ್ಟದ ಸಮಿತಿ’ ರಚನೆಯಾಗಬೇಕು. ಅದರಲ್ಲಿ ಮೂರು ಕುರ್ಚಿಗಳು. ಒಂದರಲ್ಲಿ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಇನ್ನೊಂದರಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿ. ಮೂರನೆಯದರಲ್ಲಿ ಸ್ವತಃ ಅಂಗವಿಕಲನಾದ ಒಬ್ಬ ವ್ಯಕ್ತಿ. ಮೂರು ತಿಂಗಳಿಗೊಮ್ಮೆಯಾದರೂ ಈ ಸಮಿತಿ ಸೇರಬೇಕು. ತಂದೆತಾಯಿಯೋ ಬಂಧುವೋ ಅರ್ಜಿ ಹಾಕಿದರೆ, ಆ ವ್ಯಕ್ತಿಗೆ ಪೋಷಕ ಬೇಕೇ, ಬೇಕಾದರೆ ಯಾವ ಯಾವ ಕೆಲಸಗಳಿಗೆ ಬೇಕು ಎಂಬುದನ್ನು ಸಮಿತಿ ಪರಿಶೀಲಿಸಿ ನೇಮಕ ಮಾಡಬೇಕು. ನೇಮಕಗೊಂಡವನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು ಸಲ್ಲಿಸಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಅವನು ಹಿಂಸಿಸಿದರೆ, ಕಡೆಗಣಿಸಿದರೆ, ಆಸ್ತಿಯನ್ನು ನುಂಗಿದರೆ ಅವನನ್ನು ತೆಗೆದುಹಾಕುವುದಕ್ಕೂ ದಾರಿಯಿದೆ. ದೂರದ ನ್ಯಾಯಾಲಯದಿಂದ ಜಿಲ್ಲಾ ಕಚೇರಿಯ ಒಂದು ಮೇಜಿಗೆ ಈ ವಿಷಯವನ್ನು ಇಳಿಸಿದ್ದು ಸಣ್ಣ ಸಾಧನೆಯಲ್ಲ. ಅಧಿಕಾರ, ಸೇವೆ, ಸ್ವಾನುಭವ ಈ ಮೂರೂ ಎದುರುಬದುರು ಕುಳಿತು ಮಾತನಾಡಬೇಕೆಂಬ ಕಲ್ಪನೆಯೇ ಅದರ ಹಿರಿಮೆ.

ಸಮಿತಿಯ ಪ್ರಮಾಣಪತ್ರಕ್ಕೆ ಬೆಲೆ ಬರಬೇಕಾದರೆ ಇತರ ಕಚೇರಿಗಳೂ ಅದನ್ನು ಒಪ್ಪಬೇಕಷ್ಟೆ. ಬ್ಯಾಂಕುಗಳ ಶಾಖೆಗಳಲ್ಲಿ ಈ ಕಾಯಿದೆಯ ಸೌಲಭ್ಯಗಳ ವಿವರವನ್ನು ಪ್ರದರ್ಶಿಸಬೇಕೆಂದು ರಿಸರ್ವ್ ಬ್ಯಾಂಕು 2007ರ ನವೆಂಬರಿನಲ್ಲಿ ಸೂಚಿಸಿತು. 2008ರಲ್ಲಿ ‘ನಿರಾಮಯ’ ಎಂಬ ಆರೋಗ್ಯ ವಿಮೆ ಬಂತು. ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅದು ನೆರವಾಗುತ್ತದೆ. 2011ರ ಜನಗಣತಿಯು ಬುದ್ಧಿಮಾಂದ್ಯತೆಯನ್ನೂ ಮನೋರೋಗವನ್ನೂ ಬೇರೆ ಬೇರೆ ಕಲಮುಗಳಲ್ಲಿ ಎಣಿಸಿತು. ಹಿಂದಿನ 2001ರ ಗಣತಿಯಲ್ಲಿ ಎರಡಕ್ಕೂ ಒಂದೇ ಕಲಮಿತ್ತು. ಹೀಗೆ ಪ್ರತ್ಯೇಕವಾಗಿ ಎಣಿಸಿದಾಗ ದೇಶದಲ್ಲಿ ಸುಮಾರು 15 ಲಕ್ಷ ಮಂದಿ ಬುದ್ಧಿಮಾಂದ್ಯರೆಂಬ ಲೆಕ್ಕ ದೊರೆಯಿತು. ಮನೆಯ ಮರ್ಯಾದೆಗೆ ಅಂಜಿ ಹೇಳದೆ ಉಳಿದವರು ಈ ಲೆಕ್ಕದಿಂದ ಹೊರಗಿದ್ದಾರೆಂಬುದು ಮನೆಮನೆಗೆ ಗಣತಿಗೆ ಹೋದ ಮೇಷ್ಟ್ರುಗಳಿಗೆ ತಿಳಿಯದ ವಿಷಯವಲ್ಲ.

ಈ ನಡುವೆ ಇನ್ನೊಂದು ವಿಚಾರವೂ ಬೆಳೆಯುತ್ತಿತ್ತು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿತು. ಕಾನೂನಿನೆದುರು ಎಲ್ಲರೂ ಸಮಾನ ವ್ಯಕ್ತಿಗಳು ಎಂಬುದು ಅದರ ತಿರುಳು. 2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿದ್ದ, ಅನ್ಯಾಯಕ್ಕೊಳಗಾಗಿ ಗರ್ಭಿಣಿಯಾಗಿದ್ದ ಬುದ್ಧಿಮಾಂದ್ಯ ಯುವತಿಯೊಬ್ಬಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅವಳಿಗೆ ಮಗು ಬೇಕಾಗಿತ್ತು. ಅವಳ ಇಚ್ಛೆಯನ್ನು ಮೀರಿ ಇತರರು ತೀರ್ಮಾನಿಸುವಂತಿಲ್ಲವೆಂದು ನ್ಯಾಯಾಲಯ ಹೇಳಿತು. ಮನೋರೋಗಕ್ಕೂ ಬುದ್ಧಿಮಾಂದ್ಯತೆಗೂ ಕಾನೂನು ಮಾಡಿರುವ ಭೇದವೇ ಆ ತೀರ್ಪಿನ ಒಂದು ಆಧಾರವಾಯಿತು. 2016ರ ಹೊಸ ಅಂಗವಿಕಲರ ಹಕ್ಕುಗಳ ಕಾಯಿದೆ ಇದೇ ದಾರಿಯಲ್ಲಿ ಮುಂದುವರಿದು ‘ಸೀಮಿತ ಪೋಷಕತ್ವ’ವನ್ನು ತಂದಿತು. ಅಂದರೆ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಮನಸ್ಸನ್ನು ತಿಳಿದು, ಅವನೊಡನೆ ಸೇರಿ ತೀರ್ಮಾನಿಸುವುದು. ವೈಕಲ್ಯಗಳ ಪಟ್ಟಿ ಏಳರಿಂದ 21ಕ್ಕೆ ಏರಿತು. ಶೇ. 4ಕ್ಕೆ ಏರಿದ ಮೀಸಲಾತಿಯಲ್ಲಿ ಆಟಿಸಂ, ಬುದ್ಧಿಮಾಂದ್ಯತೆ ಮೊದಲಾದವುಗಳಿಗೂ ಮೊದಲ ಬಾರಿಗೆ ಪಾಲು ದೊರೆಯಿತು.

ಇಲ್ಲಿ ಒಂದು ತೊಡಕನ್ನು ಹೇಳಲೇಬೇಕು. ‘ನಮ್ಮ ನಂತರ ಯಾರು?’ ಎಂದು ಕೇಳುವ ತಾಯಿಗೆ ಬೇಕಾಗಿರುವುದು ಭದ್ರವಾದ ಒಬ್ಬ ಪೋಷಕ. ಹೊಸ ವಿಚಾರವಾದರೋ ಪೋಷಕನ ಅಧಿಕಾರವನ್ನು ಕುಗ್ಗಿಸಿ ಮಗನ ಇಚ್ಛೆಯನ್ನು ಮುಂದಿಡುತ್ತದೆ. ಎರಡೂ ನ್ಯಾಯವೇ. ಇವೆರಡನ್ನೂ ತೂಗಿ ನೋಡಲು ದಿಲ್ಲಿಯಿಂದಾಗಲಿ ಬೆಂಗಳೂರಿನಿಂದಾಗಲಿ ಸಾಧ್ಯವಿಲ್ಲ. ಆ ಹುಡುಗನನ್ನು ಕಂಡು, ಅವನಿಗೆ ಅಂಗಡಿಗೆ ಹೋಗಿ ಬರಲು ತಿಳಿಯುತ್ತದೆಯೇ, ಯಾರ ಜೊತೆ ಇರಲು ಅವನಿಗೆ ಇಷ್ಟ ಎಂಬುದನ್ನು ಬಲ್ಲವರು ಮಾತ್ರ ತೂಗಬಲ್ಲರು. ಆದುದರಿಂದಲೇ ಜಿಲ್ಲೆಯ ಆ ಮೇಜಿಗೆ ಇಷ್ಟು ಮಹತ್ವ.

ಆ ಮೇಜು ಸಾರ್ಥಕವಾಗಬೇಕಾದರೆ ಅದಕ್ಕೆ ಸುದ್ದಿ ತಲಪಿಸುವ ಕಾಲುಗಳೂ ಬೇಕು. ಈ ವಿಷಯದಲ್ಲಿ ನಮ್ಮ ರಾಜ್ಯದ ಒಂದು ಏರ್ಪಾಡು ಮೆಚ್ಚತಕ್ಕದ್ದು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಸ್ವತಃ ಅಂಗವಿಕಲರಾದವರನ್ನೇ ಈ ಕೆಲಸಕ್ಕೆ ಆರಿಸಿಕೊಳ್ಳುತ್ತಾರೆ. ಅವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ ಮಾತ್ರ. ಶಿಕ್ಷಣ ಇಲಾಖೆಯ ಕಡೆಯಿಂದ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಶಿಕ್ಷಕರಿದ್ದಾರೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಬೆಳವಣಿಗೆಯ ಕುಂಠಿತವನ್ನು ಗುರುತಿಸುತ್ತವೆ. ಆದರೆ ಒಬ್ಬರು ವಿಕಲಚೇತನರ ಕಲ್ಯಾಣದವರು, ಒಬ್ಬರು ಶಿಕ್ಷಣದವರು, ಇನ್ನೊಬ್ಬರು ಆರೋಗ್ಯದವರು. ಕಡತಗಳು ಬೇರೆ, ಅಧಿಕಾರಿಗಳು ಬೇರೆ. ತಾಯಿ ಮಾತ್ರ ಒಬ್ಬಳೇ. ಅದೇ ಮಗುವನ್ನು ಎತ್ತಿಕೊಂಡು ಮೂರು ಕಚೇರಿಗಳಲ್ಲಿ ಅದೇ ಕಥೆಯನ್ನು ಹೇಳುತ್ತಾಳೆ. ಮಗುವಿಗೆ 18 ತುಂಬಿತೆಂದರೆ ವೈದ್ಯರ ತಂಡ ಬರುವುದು ನಿಲ್ಲುತ್ತದೆ, ಶಾಲೆ ಮುಗಿಯುತ್ತದೆ, ತಂದೆತಾಯಿಗಳ ಸಹಜ ಪೋಷಕತ್ವವೂ ಕೊನೆಗೊಳ್ಳುತ್ತದೆ. ಮೂರು ದಾರಗಳೂ ಒಂದೇ ದಿನ ಕಡಿದು ಬೀಳುವ ಆ ಹೊತ್ತಿಗೆ ಹಿಡಿಯಬೇಕಾದ ನಾಲ್ಕನೆಯ ದಾರವೇ ಸ್ಥಳೀಯ ಸಮಿತಿ. ಅದು ಇದೆಯೆಂಬುದು ಅನೇಕರಿಗೆ ಗೊತ್ತಿಲ್ಲ. ಜಿಲ್ಲಾಧಿಕಾರಿಗೆ ಚುನಾವಣೆ, ನೆರೆ, ಬರ ಮುಂತಾದ ನೂರು ಹೊರೆಗಳಿರುತ್ತವೆ. ಅರ್ಜಿಗಳೇ ಬಾರದಿದ್ದರೆ ಸಭೆ ಕರೆಯುವ ನೆನಪಾದರೂ ಹೇಗೆ ಬಂದೀತು?

ಆದುದರಿಂದ ನನ್ನ ವಿನಂತಿಯಿಷ್ಟೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥ ಮಗುವಿದ್ದರೆ 18 ತುಂಬುವುದನ್ನು ಕಾಯದೆ ಈಗಲೇ ವೈಕಲ್ಯದ ಪ್ರಮಾಣಪತ್ರವನ್ನು ಸಿದ್ಧಮಾಡಿಕೊಳ್ಳಿ. ಸ್ಥಳೀಯ ಸಮಿತಿಯ ವಿಷಯವನ್ನು ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ವಯಸ್ಸು ತುಂಬಿದೊಡನೆ ತಂದೆತಾಯಿಗಳೇ ಅರ್ಜಿ ಸಲ್ಲಿಸಿ. ಮುಂದೆ ಹೊಣೆ ಹೊರಬಲ್ಲವರು ಯಾರೆಂಬುದನ್ನು ಆ ಮಗುವನ್ನೂ ಕೂರಿಸಿಕೊಂಡು ಮನೆಯಲ್ಲಿ ಮಾತನಾಡಿ. ನನ್ನ ವಿದ್ಯಾರ್ಥಿಗಳಲ್ಲಿ ವಕೀಲರಿದ್ದೀರಿ, ಬ್ಯಾಂಕಿನವರಿದ್ದೀರಿ, ಪಂಚಾಯಿತಿಯಲ್ಲಿ ಕುಳಿತವರಿದ್ದೀರಿ. ಅಂಥ ತಾಯಿಯೊಬ್ಬಳು ನಿಮ್ಮ ಮೇಜಿನ ಮುಂದೆ ಬಂದಾಗ ‘ಇದು ನಮ್ಮ ಇಲಾಖೆಯದಲ್ಲ’ ಎನ್ನದೆ ಜೊತೆಗೆ ಎದ್ದುಹೋಗಿ ಮುಂದಿನ ಮೇಜನ್ನು ತೋರಿಸಿಕೊಡಿ. 1912ರಿಂದ ಇಲ್ಲಿಯವರೆಗಿನ ಎಲ್ಲ ಕಾಯಿದೆಗಳೂ ಕಟ್ಟಲು ಯತ್ನಿಸಿದ ಕೊಂಡಿ ಕೊನೆಗೆ ಅಷ್ಟು ಸಣ್ಣ ಕೆಲಸದಲ್ಲಿಯೇ ಪೂರ್ತಿಯಾಗುತ್ತದೆ.