ಡ್ಯೂಟಿ ಫ್ರೀ ಅಂಗಡಿಯ ಗುಪ್ತದಾನಿ

ಊರಿಗೆ ಹೊರಟಾಗ ನಾವೆಲ್ಲ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಒಂದು ಸುತ್ತು ಹಾಕಿಯೇ ಹಾಕುತ್ತೇವೆ. ಮಕ್ಕಳಿಗೆ ಚಾಕೊಲೇಟು, ಭಾವನಿಗೆ ಸೆಂಟು. ಇಂಥ ಅಂಗಡಿಗಳಿಂದಲೇ ಕೋಟ್ಯಧಿಪತಿಯಾಗಿ, ಆ ಸಂಪತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ, ಅದೂ ಬಹುಕಾಲ ಗುಟ್ಟಾಗಿ, ದಾನ ಮಾಡಿದವರೊಬ್ಬರಿದ್ದರು.

ಅವರೇ ಚಕ್ ಫೀನಿ. 1931ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಐರಿಷ್ ಮೂಲದ ಸಾಧಾರಣ ಕುಟುಂಬದಲ್ಲಿ ಹುಟ್ಟಿದರು. ವಾಯುಪಡೆಯಲ್ಲಿ ದುಡಿದು, ಮಾಜಿ ಸೈನಿಕರಿಗೆ ಸಿಗುತ್ತಿದ್ದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಕೈಖರ್ಚಿಗೆ ಸಹಪಾಠಿಗಳಿಗೆ ಸ್ಯಾಂಡ್‌ವಿಚ್ ಮಾರಿದರು. 1960ರಲ್ಲಿ ರಾಬರ್ಟ್ ಮಿಲ್ಲರ್ ಅವರ ಜೊತೆ ಹಾಂಗ್‌ಕಾಂಗ್‌ನಲ್ಲಿ ಆರಂಭಿಸಿದ ಡ್ಯೂಟಿ ಫ್ರೀ ವ್ಯಾಪಾರ, ಜಪಾನಿ ಪ್ರವಾಸಿಗರು ಹೆಚ್ಚಿದಂತೆ ಬಂಗಾರದ ಬೆಳೆಯಾಯಿತು.

1982ರಲ್ಲಿ ಫೀನಿ ಬರ್ಮುಡಾದಲ್ಲಿ ದಾನಕ್ಕೆಂದೇ ಒಂದು ಸಂಸ್ಥೆ ಸ್ಥಾಪಿಸಿದರು. 1984ರಲ್ಲಿ ಕಂಪನಿಯಲ್ಲಿ ತಮಗಿದ್ದ ಶೇ. 38.75 ಪಾಲನ್ನು ಗುಟ್ಟಾಗಿ ಅದಕ್ಕೆ ವಹಿಸಿದರು. ವಿಶ್ವವಿದ್ಯಾಲಯ, ಆಸ್ಪತ್ರೆಗಳಿಗೆ ಹಣ ಹರಿಯಿತು. ಎಲ್ಲಿಂದ ಬಂತೆಂದು ಪಡೆದವರು ಬಾಯಿಬಿಡುವಂತಿರಲಿಲ್ಲ. ಕಟ್ಟಡಗಳ ಮೇಲೆ ಅವರ ಹೆಸರಿನ ಫಲಕವೂ ಇರಲಿಲ್ಲ. 1988ರಲ್ಲಿ ಫೋರ್ಬ್ಸ್ ಪತ್ರಿಕೆ ಅವರನ್ನು ಅಮೆರಿಕದ ಭಾರಿ ಶ್ರೀಮಂತರ ಪಟ್ಟಿಗೆ ಸೇರಿಸಿತು. ಆ ಸಂಪತ್ತು ಆಗಲೇ ಅವರ ಕೈಬಿಟ್ಟು ನಾಲ್ಕು ವರ್ಷವಾಗಿತ್ತು!

ಕಂಪನಿಯ ಮಾರಾಟ ನ್ಯಾಯಾಲಯದ ಮೆಟ್ಟಿಲೇರಿ, ಗುಟ್ಟು ಹೊರಬೀಳುವಂತಾದಾಗ 1997ರಲ್ಲಿ ಫೀನಿಯವರೇ ಪತ್ರಿಕೆಗೆ ವಿಷಯ ತಿಳಿಸಿದರು. ಆಮೇಲೆ ಆ ಹೆಸರನ್ನೂ ಕೆಲಸಕ್ಕೆ ಹಚ್ಚಿದರು. ಬದುಕಿರುವಾಗಲೇ ಕೊಡಿ ಎಂದು ಇತರ ಶ್ರೀಮಂತರಿಗೆ ಹೇಳತೊಡಗಿದರು. ಒಟ್ಟು 800 ಕೋಟಿ ಡಾಲರ್ ಹಂಚಿ, 2020ರಲ್ಲಿ ಸಂಸ್ಥೆಯನ್ನು ಮುಚ್ಚಿದರು. 2023ರಲ್ಲಿ ತೀರಿಕೊಂಡಾಗ ಅವರದು ಬಾಡಿಗೆ ಮನೆ; ಕೈಗೆ ಕಟ್ಟುತ್ತಿದ್ದುದು ಅಗ್ಗದ ಕ್ಯಾಸಿಯೋ ಗಡಿಯಾರ.

ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ರೂಢಿ ನಮ್ಮ ನಾಡಿನಲ್ಲಿದೆ. ಸದ್ದಿಲ್ಲದೆ ಹುಂಡಿಗೆ ಹಾಕುವ ಗುಪ್ತದಾನವೂ ಇದೆ. ಶಾಸನಗಳಿಂದಲೇ ನಮ್ಮ ಚರಿತ್ರೆ ತಿಳಿದದ್ದು, ಆದ್ದರಿಂದ ಹೆಸರು ಹಾಕುವುದೇ ತಪ್ಪು ಎನ್ನಲಾರೆವು. ಆದರೆ ಕ್ಯಾಂಪಿನಲ್ಲಿ ಕೆಲಸ ಕಳೆದುಕೊಂಡ ಒಬ್ಬನ ಟಿಕೆಟಿಗೆ ನಾವು ಹಣ ಒಟ್ಟು ಮಾಡಿ, ಕೊಟ್ಟವರ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ, ಅದರ ಜೊತೆ ಪಡೆದವನ ಹೆಸರೂ ಊರಿಗೆ ಹೋಗುತ್ತದೆ. ಅವನಿಗಿಂತ ಮೊದಲೇ ಅವನ ಮನೆ ಮುಟ್ಟುತ್ತದೆ.

ಲೆಕ್ಕ ಖಜಾಂಚಿಯ ಪುಸ್ತಕದಲ್ಲಿ ಕಟ್ಟುನಿಟ್ಟಾಗಿರಲಿ. ಹೆಸರುಗಳು ಅಲ್ಲಿಯೇ ಉಳಿಯಲಿ.